ಟವೆಲ್ಲಿನ ಕೆಳಗೆ ಸೊನ್ನೆಯಿಲ್ಲ

ಇವತ್ತು ಬೆಳಿಗ್ಗೆ ಐದಕ್ಕೆ ಎದ್ದೆ. ಎಮ್ಮೆ ಹಿಂಡಿದೆ, ಹಾಲು ಡೇರಿಗೆ ಕಳಿಸಿದೆ. ಅಂಗಳ ಗುಡಿಸಿ, ನೀರು ಕಾಸಿ, ಅತ್ತೆಯ ತಲೆಗೆ ಎರೆದೆ. ಪೂಜೆಗೆ ವಿಭೂತಿ, ಹೂವು ತೆಗೆದಿಟ್ಟೆ. ಎಂಟು ರೊಟ್ಟಿ ಬಡಿದೆ, ಅದರಲ್ಲಿ ಎರಡು ಕರಕಾದವು. ಅತ್ತೆಯ ಮಿಶ್ರಿ ಡಬ್ಬಿಯನ್ನು ಬಚ್ಚಿಡೋಣವೆಂದು ಹುಡುಕಿದೆ. ಅವರು ನನಗಿಂತ ಮೊದಲೇ ಎದ್ದು ಬಚ್ಚಿಟ್ಟುಬಿಟ್ಟಿದ್ದರು. (ಮಿಶ್ರಿ ಅಂದರೆ ಸುಟ್ಟ ತಂಬಾಕಿನ ಪುಡಿ. ನಮ್ಮ ಕಡೆಯ ಮುದುಕಿಯರು ಅದರಲ್ಲಿ ಹಲ್ಲುಜ್ಜುತ್ತಾರೆ; ಹಲ್ಲು ಉದುರಿದ ಮೇಲೆ ಒಸಡು ಉಜ್ಜುತ್ತಾರೆ.) ಪಡಸಾಲೆಯ ಮೊಳೆಗೆ ಎರಡು ವರ್ಷದಿಂದ ತೂಗುತ್ತಿದ್ದ ನನ್ನ ಗಂಡನ ಎದೆಯ ಎಕ್ಸರೇ ಇಳಿಸಿ, ಧೂಳು ಒರೆಸಿ, ಟ್ರಂಕಿನ ತಳಕ್ಕೆ ಹಾಕಿದೆ. ಒಂಬತ್ತರ ಬಸ್ಸಿಗೆ ನಾವಿಬ್ಬರೂ ನಿಲಂಗಾದಿಂದ ಉದಗೀರಕ್ಕೆ ಹೊರಟೆವು. ಇವರ ಗಂಟಲಿನಿಂದ ತೆಗೆದ ಚೂರನ್ನು ಪರೀಕ್ಷೆಗೆ ಕಳಿಸಿದ್ದರು. ಅದು ಕ್ಯಾನ್ಸರ್ ಹೌದೋ ಅಲ್ಲವೋ ಎಂಬ ವರದಿ ಇವತ್ತು ಬರುವುದಿತ್ತು.

ಆ ಎಕ್ಸರೇ ಇಲ್ಲದಿದ್ದರೆ ಇಷ್ಟು ತಡವಾಗುತ್ತಿರಲಿಲ್ಲ ಅನ್ನಿಸುತ್ತದೆ. ಎರಡು ವರ್ಷದ ಹಿಂದೆ ಉಮರ್ಗಾದಲ್ಲಿರುವ ಮಗಳ ಮನೆಗೆ ಹೋದಾಗ ಇವರಿಗೆ ಕೆಮ್ಮು ಹತ್ತಿತು. ಮಗಳು ಬಿಡದೆ ದವಾಖಾನೆಗೆ ಕರೆದೊಯ್ದು ಎದೆಯ ಫೋಟೋ ತೆಗೆಸಿದಳು. ಅಲ್ಲಿಯ ಡಾಕ್ಟರು ಎರಡು ಮಾತು ಹೇಳಿದರು: ಎದೆ ಸದ್ಯಕ್ಕೆ ಚೊಕ್ಕವಾಗಿದೆ, ಸಿಗರೇಟು ಬಿಡಿ. ಇವರು ಮೊದಲನೆಯ ಮಾತನ್ನಷ್ಟೇ ನಿಲಂಗಾದವರೆಗೆ ತಂದರು. ಎರಡನೆಯದು ಉಮರ್ಗಾದ ಬಸ್‌ಸ್ಟ್ಯಾಂಡಿನಲ್ಲೇ ಉಳಿಯಿತು.

ಅಂದಿನಿಂದ ನಮ್ಮ ಮನೆಗೆ ಬಂದವರಿಗೆ ಚಹಾಕ್ಕಿಂತ ಮೊದಲು ಎಕ್ಸರೇ ಬರುತ್ತಿತ್ತು.

"ನೋಡ್ರಿ, ಮೂವತ್ತು ವರ್ಷ ಆಯ್ತು ಸೇದ್ಲಿಕತ್ತು. ಒಂದರ ಕಪ್ಪು ಕಲಿ ಅದ ಏನು? ದೇವಣಿ ಹೋರಿ ಎದಿ ಅದ ಇದು!"

ಔರಾದ ಶಹಾಜನಿಯಿಂದ ಬಂದ ಬೀಗರೊಬ್ಬರು ಅದನ್ನು ತಲೆಕೆಳಗಾಗಿ ಹಿಡಿದು, ಬಾಗಿಲಿನ ಬೆಳಕಿಗೆ ಒಡ್ಡಿ, ಬಹಳ ಹೊತ್ತು ನೋಡಿ, "ಹೌದ್ರೀ, ಭಾಳ ಛಲೋ ಬಂದದ. ಥೇಟ್ ನಿಮ್ಮಂಗೇ ಅದ," ಅಂದರು. ಒಂದು ಸೋಮವಾರ ಅತ್ತೆ ಗೋಡೆಯ ಮೇಲಿನ ದೇವರ ಪಟಗಳಿಗೆಲ್ಲ ವಿಭೂತಿ ಹಚ್ಚುತ್ತಾ ಹೋಗಿ ಅದಕ್ಕೂ ಮೂರು ಗೆರೆ ಎಳೆದರು. ಸಿಗರೇಟು ಪ್ಯಾಕೆಟ್ಟಿನ ಮೇಲೆ ಹುಣ್ಣಾದ ಗಂಟಲಿನ ಚಿತ್ರವಿರುತ್ತದಲ್ಲ, ಅದನ್ನು ನಾನು ತೋರಿಸಿದರೆ ಇವರ ಉತ್ತರ ತಯಾರಿರುತ್ತಿತ್ತು: "ಅದು ಯಾರ್ದೋ ಮಂದಿ ಗಂಟಲ. ನಂದು ಗ್ವಾಡಿಗಿ ಅದ, ಹೋಗಿ ನೋಡು." ಗೋಡೆಗಿದ್ದದ್ದು ಎದೆ. ಆ ವ್ಯತ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಹೊಳೆಯಲಿಲ್ಲ.

ಇವರು ದನದ ಸಂತೆಯ ದಲಾಲಿ. ದೇವಣಿ ತಳಿಯ ಎತ್ತು, ಹೋರಿ, ಹಸು ಕೊಡಿಸುವುದು, ಮಾರಿಸುವುದು. ಈ ಕೆಲಸದಲ್ಲಿ ಬಾಯಿಗೆ ಎರಡು ಉಪಯೋಗ. ಒಂದು, ದನದ ಬಾಯಿ: ಅದನ್ನು ತೆರೆಸಿ, ನಾಲಿಗೆ ಪಕ್ಕಕ್ಕೆಳೆದು, ಹಲ್ಲು ಎಣಿಸಿ ವಯಸ್ಸು ಹೇಳಬೇಕು. ಇನ್ನೊಂದು, ಸ್ವಂತ ಬಾಯಿ: ದನ ಕಟ್ಟುವ ಮೂರು ದಾವಣಿ ಆಚೆಯ ಗಿರಾಕಿಗೂ ಕೇಳುವಂತೆ ಎತ್ತನ್ನು ಹೊಗಳಬೇಕು. ಆದರೆ ದರ ಮಾತ್ರ ಬಾಯಲ್ಲಿ ಆಡುವುದಿಲ್ಲ. ಕೊಡುವವನ ಕೈ, ಕೊಳ್ಳುವವನ ಕೈ ಎರಡರ ಮೇಲೂ ಟವೆಲ್ ಮುಚ್ಚಿ, ಒಳಗೆ ಬೆರಳು ಹಿಡಿದು ಹೇಳುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ನಾಲ್ಕು ಹಿಡಿದರೆ ನಾಲ್ಕು, ಇಡೀ ಕೈ ಹಿಡಿದರೆ ಐದು, ಬೆರಳನ್ನು ನಡುವಿಗೆ ಚಿವುಟಿದರೆ ಅರ್ಧ. ಸುತ್ತ ನಿಂತ ಐವತ್ತು ಜನರಿಗೆ ಕಾಣುವುದು ಅಲುಗಾಡುವ ಟವೆಲ್ ಒಂದೇ.

ಇದು ಗಂಡಸರ ವಿದ್ಯೆ. ಆದರೆ ನನ್ನ ತವರು ದೇವಣಿ. ನನ್ನ ಅಪ್ಪ ಹೋರಿ ಸಾಕುತ್ತಿದ್ದರು, ಸಂತೆಗೆ ಹೋಗುವ ಮುಂಚೆ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ನನ್ನ ಪುಟ್ಟ ಬೆರಳುಗಳ ಮೇಲೆ ಅಭ್ಯಾಸ ಮಾಡುತ್ತಿದ್ದರು. ದಲಾಲಿಗೇ ನನ್ನನ್ನು ಕೊಡುವುದು ನಿಶ್ಚಯವಾದಾಗ ಕಿವಿಯಲ್ಲಿ ಹೇಳಿದ್ದರು: "ನಿನಗ ಇದು ಬರ್ತದಂತ ಅಂವಗ ಹೇಳಬ್ಯಾಡ. ಕೆಲಸಕ್ಕ ಬರ್ತದ." ಇಪ್ಪತ್ತೆಂಟು ವರ್ಷ ಹೇಳಿರಲಿಲ್ಲ. ಇವರು ಸಂತೆಯಿಂದ ಬಂದು ಊಟಕ್ಕೆ ಕೂತರೆ, ಆ ದಿನದ ವ್ಯಾಪಾರವನ್ನೆಲ್ಲ ಎಡಗೈಯ ಬೆರಳಿನ ಮೇಲೆ ಬಲಗೈಯಿಂದ ಮತ್ತೊಮ್ಮೆ ಆಡಿಕೊಳ್ಳುವ ಅಭ್ಯಾಸವಿತ್ತು. ನಾನು ರೊಟ್ಟಿ ಬಡಿಯುತ್ತಾ ಪೇಪರ್ ಓದಿದ ಹಾಗೆ ಓದಿಕೊಳ್ಳುತ್ತಿದ್ದೆ.

ಈ ವರ್ಷ ಬೇಸಗೆ ಕಳೆಯುತ್ತಿದ್ದಂತೆ ಇವರ ದನಿ ಒಡೆಯಿತು. ಮೊದಲು ಸಂತೆಯ ಧೂಳು ಅಂದರು. ಆಮೇಲೆ ಐಸ್ ನೀರು ಅಂದರು, ಆಮೇಲೆ ಬದನೆಕಾಯಿ ಅಂದರು. ದನಿ ಸರಿಮಾಡಿಕೊಳ್ಳಲು ಒಂದು ಸಿಗರೇಟು ಸೇದುತ್ತಿದ್ದರು. ಸೇದಿದ ಮೇಲೆ ಸರಿಯಾಗಿದೆಯೋ ಇಲ್ಲವೋ ಎಂದು ಎಮ್ಮೆಯನ್ನು ಕರೆದು ನೋಡುತ್ತಿದ್ದರು. ಎಮ್ಮೆ ತಿರುಗುತ್ತಿರಲಿಲ್ಲ. ಎರಡು ತಿಂಗಳಾಯಿತು.

"ಅಂವನ ಧ್ವನಿ ಬಾವ್ಯಾಗಿಂದ ಬಂದಂಗ ಆಗ್ಯಾದ," ಅಂದರು ಅತ್ತೆ, ಒಸಡಿನಿಂದ ಬೆರಳು ತೆಗೆಯದೆ. "ಆ ಸುಡುಗಾಡು ಸಿಗರೇಟ್ ಬಿಡಂದ್ರ ಬಿಡವಲ್ಲ. ಹಾಳ್ ತಂಬಾಕ!"

"ಅವ್ವಾ, ನಿನ್ನ ಬೆರಳಿಗಿ ಹತ್ತಿದ್ದು ಏನದ?"

"ಇದು ಔಷಧ. ಹಲ್ಲು ಗಟ್ಟಿ ಇರ್ತಾವ."

"ನಿನಗ ಹಲ್ಲೇ ಇಲ್ಲಲ್ಲ ಬೇ!"

"ಇದ್ದಾಗ ಗಟ್ಟಿ ಇದ್ದುವಲ್ಲ!"

ಒಂದು ಸಂಜೆ ಕೊಟ್ಟಿಗೆಯಲ್ಲಿ ಇವರು ಹೋರಿಯೊಂದರ ಬಾಯಿ ತೆರೆದು ಯಾರಿಗೋ ಹಲ್ಲು ತೋರಿಸಿ ಕಳಿಸಿದರು. ನಾನು ಟಾರ್ಚ್ ಹಿಡಿದು ನಿಂತಿದ್ದೆ. ಗಿರಾಕಿ ಹೋದೊಡನೆ ಟಾರ್ಚನ್ನು ಇವರ ಮುಖಕ್ಕೆ ತಿರುಗಿಸಿದೆ.

"ಈಗ ನೀವು ತೆಗೀರಿ."

"ನಾ ಏನ್ ಮಾರೂದದೀನೇನು?"

"ತೆಗೀರಿ ಅಂದ್ರ."

ತೆಗೆದರು. ನನಗೆ ಕಂಡದ್ದು ಹಲ್ಲಿನ ಕರೆ ಮತ್ತು ಮಧ್ಯಾಹ್ನದ ಶೇಂಗಾ. ದನಿ ಹುಟ್ಟುವ ಜಾಗ ಅಲ್ಲಿಂದ ಕಾಣುವುದಿಲ್ಲವೆಂದು ನನಗೆ ಗೊತ್ತಿರಲಿಲ್ಲ. "ಪಾಸ್ ಆದ್ನೇನ್ ನಾ?" ಅಂದು ಇವರು ನಕ್ಕರು. ಆ ನಗೆಗೂ ದನಿ ಇರಲಿಲ್ಲ, ಬರೀ ಗಾಳಿ.

ಕೊನೆಗೆ ಇವರನ್ನು ಎಬ್ಬಿಸಿದ್ದು ನಾನಲ್ಲ, ಮುರುಮ್ ಊರಿನ ಇವರ ಗೆಳೆಯ. ಅವರೂ ದಲಾಲಿ. ಒಂದು ಕಾಲಕ್ಕೆ ಸಂತೆಯಲ್ಲೆಲ್ಲ ಅವರದೇ ದೊಡ್ಡ ಗಂಟಲು. ಸಿಗರೇಟಿನಲ್ಲೂ ಇವರಿಗೆ ಜೋಡಿ. ಮೂರು ವರ್ಷದ ಹಿಂದೆ ಅವರಿಗೆ ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಆಗಿ, ಅದನ್ನು ತೆಗೆದುಹಾಕಿದ್ದರು. ಈಗ ಕತ್ತಿನಲ್ಲಿರುವ ತೂತಿನಿಂದ ಉಸಿರಾಡುತ್ತಾರೆ, ಅದರ ಮೇಲೆ ತೆಳ್ಳನೆಯ ಬಟ್ಟೆ ಕಟ್ಟಿಕೊಂಡು ಸಂತೆಗೆ ಬರುತ್ತಾರೆ, ಬೆರಳಲ್ಲೇ ವ್ಯಾಪಾರ ಮುಗಿಸುತ್ತಾರೆ. ಒಂದು ದಿನ ಉದಗೀರದ ಸಂತೆಯಲ್ಲಿ ಇವರ ಒಡಕು ದನಿ ಅವರ ಕಿವಿಗೆ ಬಿತ್ತು. ಬಂದು, ಇವರ ಕೈ ಮೇಲೆ ಟವೆಲ್ ಹಾಕಿದರು. ಇವರು ದರ ಬರುತ್ತದೆಂದು ಕಾದರು. ಅವರು ಯಾವ ಬೆರಳನ್ನೂ ಆರಿಸಲಿಲ್ಲ, ಕೈಯನ್ನು ಹಾಗೇ ಬಿಗಿಯಾಗಿ ಹಿಡಿದುಕೊಂಡರು. ಇನ್ನೊಂದು ಕೈಯಿಂದ ಇವರ ಗಂಟಲು ಮುಟ್ಟಿ, ತಮ್ಮ ಕತ್ತಿನ ಬಟ್ಟೆ ಮುಟ್ಟಿದರು.

ಇವರು ಆ ದಿನ ಎಕ್ಸರೇ ಕಡೆ ನೋಡದೆ ಒಳಗೆ ಬಂದು, "ನಾಳಿ ಡಾಕ್ಟರ್ ಕಡಿ ಹೋಗೋಣ," ಅಂದರು. ನಾನು ಸೀರೆ ಮಡಚಿ ಚೀಲಕ್ಕಿಟ್ಟೆ.

ಉದಗೀರದ ಕಿವಿ-ಮೂಗು-ಗಂಟಲಿನ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. ಅರ್ಧ ಮರಾಠಿ, ಅರ್ಧ ಅಜ್ಜಿಯಿಂದ ಕಲಿತ ಕನ್ನಡ. ಬೆಂಚಿನ ಮೇಲೆ ನಾವಿಬ್ಬರೂ ಒತ್ತಿಕೊಂಡು ಕೂತಿದ್ದೆವು, ಇವರ ಟವೆಲ್ ನಮ್ಮಿಬ್ಬರ ಕೈ ಮೇಲೆ ಬಿದ್ದಿತ್ತು.

"ದಿನಕ್ಕ ಎಷ್ಟ್ ಸೇದ್ತೀರಿ ಕಾಕಾ?"

"ನಾಕೈದು."

ನಾನು ಕೆಮ್ಮಿದೆ. ಡಾಕ್ಟರು ನನ್ನ ಕಡೆ ನೋಡಿದರು. ಸುಮ್ಮನಿರು ಎಂದು ಇವರು ಟವೆಲ್ಲಿನ ಕೆಳಗೆ ನನ್ನ ಕೈ ಒತ್ತಿದರು. ನನಗೆ ರೇಗಿತು. ಇಪ್ಪತ್ತೆಂಟು ವರ್ಷದ ಗುಟ್ಟು ಮರೆತುಹೋಯಿತು. ಇವರ ಇಡೀ ಕೈಯನ್ನು ಒಂದು, ಎರಡು, ಮೂರು ಸಲ ಹಿಡಿದು ಬಿಟ್ಟೆ. ಆಮೇಲೆ ಮೂರು ಬೆರಳು ಹಿಡಿದೆ. ಹದಿನೆಂಟು.

ಇವರು ನಿಧಾನಕ್ಕೆ ನನ್ನ ಕಡೆ ತಿರುಗಿದರು. ಬಾಯಿ ತಾನಾಗಿಯೇ ತೆರೆಯಿತು. ಡಾಕ್ಟರು ಆ ಅವಕಾಶ ಬಿಡಲಿಲ್ಲ, ಬಟ್ಟೆಯ ತುಂಡಿನಿಂದ ನಾಲಿಗೆ ಹಿಡಿದು ಹೊರಗೆಳೆದು, ಪುಟ್ಟ ಕನ್ನಡಿಯನ್ನು ಗಂಟಲಿಗೆ ಇಳಿಸಿ, "ಈ... ಅನ್ರಿ," ಅಂದರು. ಕರು ಒದರಿದ ಹಾಗೆ ಸದ್ದು ಬಂತು. ನಾಲಿಗೆ ಬಿಟ್ಟೊಡನೆ ಇವರು ಆಡಿದ ಮೊದಲ ಮಾತು ನನಗೆ: "ಅಂದ್ರ ಇಷ್ಟ್ ದಿನ ಎಲ್ಲಾ ತಿಳೀತಿತ್ತು ನಿನಗ?" ಎರಡನೆಯ ಮಾತು ಡಾಕ್ಟರಿಗೆ, ಕಣ್ಣೀರು ಒರೆಸಿಕೊಳ್ಳುತ್ತಾ, ಗೌರವದಿಂದ: "ನಾಲಿಗಿ ಛಲೋ ಹಿಡೀತೀರಿ ಸಾಹೇಬ್ರ. ದನದ ಧಂದೆ ಏನರ ಅದ ಏನ್ರೀ ಮನ್ಯಾಗ?"

ಡಾಕ್ಟರು ನಗಲಿಲ್ಲ. ಧ್ವನಿತಂತಿಯ ಮೇಲೆ ಬಿಳಿ ಮಚ್ಚೆ ಇದೆ, ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಅಂದರು. ಇವರು ಜೋಳಿಗೆಯಿಂದ ಎಕ್ಸರೇ ಹೊರಗೆಳೆದರು. ಯಾವಾಗ ಅದನ್ನು ತುರುಕಿಕೊಂಡು ಬಂದಿದ್ದರೋ! ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, ವಿಭೂತಿಯ ಮೂರು ಗೆರೆಗಳನ್ನು ಬಹಳ ಹೊತ್ತು ನೋಡಿ, ಇದೇನು ಎಂದು ಕೇಳಿದರು. ನಾನು ಹೇಳಿದೆ.

"ಕಾಕಾ, ನಿಲಂಗಾದ ಬಸ್ ಹತ್ತಿ ಉದಗೀರಕ್ಕ ಬಂದೀರಿ. ನಡುವ ದೇವಣಿ ಬಂತೋ ಇಲ್ಲೋ?"

"ಬಂತಲ್ರೀ."

"ಹೊಗಿ ಸೀದಾ ಎದಿಗಿ ಹೋಗಂಗಿಲ್ಲ. ತುಟಿ, ನಾಲಿಗಿ, ಗಂಟಲ, ಧ್ವನಿಪೆಟ್ಟಿಗಿ, ಎಲ್ಲಾ ಸ್ಟಾಪಿನ್ಯಾಗ ನಿಂತು ಹೋಗ್ತದ. ನಿಂತಲ್ಲೆಲ್ಲ ಕ್ಯಾನ್ಸರ್ ಮಾಡೂ ತಾಕತ್ತು ಅದಕ್ಕ ಅದ. ನೀವು ಕಡೀ ಸ್ಟಾಪಿನ ಫೋಟೋ ತೆಗೆಸಿ ಗ್ವಾಡಿಗಿ ಹಾಕೀರಿ. ಮೂರು ವಾರದ ಮ್ಯಾಲ ಧ್ವನಿ ಒಡಕಾಗೇ ಉಳದ್ರ ತೋರಸಬೇಕಿತ್ತು. ಎರಡ್ ತಿಂಗಳ ಏನ್ ಮಾಡಿದ್ರಿ?"

"ಎಮ್ಮಿ ಕರದ್ ನೋಡಿದ್ವಿ," ಅಂದರು ಇವರು, ಪ್ರಾಮಾಣಿಕವಾಗಿ.

ಮದ್ದು ಕೊಟ್ಟು ಮಲಗಿಸಿ ಚೂರು ತೆಗೆದರು. ವರದಿ ಬರುವವರೆಗೆ ಹತ್ತು ದಿನ ಮಾತಾಡಕೂಡದು, ಪಿಸುಮಾತೂ ಬೇಡ ಅಂದರು. ಸಿಗರೇಟಂತೂ ಮುಟ್ಟಲೇಕೂಡದು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಟವೆಲ್ಲೇ ಮಾತಾಡಿತು. ಎಷ್ಟು ರೊಟ್ಟಿ ಎಂದರೆ ಇವರು ನನ್ನ ಮೂರು ಬೆರಳು ಹಿಡಿಯುತ್ತಿದ್ದರು. ಚಹಾಕ್ಕೆ ಅರ್ಧ ಬೆರಳು ಚಿವುಟುತ್ತಿದ್ದರು. ಇಷ್ಟು ವರ್ಷ ಗುಟ್ಟು ಇಟ್ಟದ್ದಕ್ಕೆ ಮೊದಲೆರಡು ದಿನ ಮುನಿಸಿಕೊಂಡು ಟವೆಲ್ ಮಡಚಿಟ್ಟರು. ಮೂರನೆಯ ದಿನ ಪಲ್ಲೆಗೆ ಉಪ್ಪು ಸಾಲದೆ ರಾಜಿಯಾದರು. ಹಗಲಿಗೆ ಒಂದೆರಡು ಸಲ ಕೊಟ್ಟಿಗೆಯ ಹಿಂದೆ ಹೋಗಿ ಬರುತ್ತಿದ್ದರು. ಬಂದಾಗ ಮೂಸಿ ನೋಡುತ್ತಿದ್ದೆ. ಎಂಟು ದಿನ ಸಗಣಿ ವಾಸನೆ ಮಾತ್ರ ಬಂತು. ಎರಡು ದಿನ ಸಗಣಿಗಿಂತ ಹೆಚ್ಚಿನದು ಬಂತು. ನಾನು ಟವೆಲ್ ಹಾಸಿ ಬೆರಳು ಚಾಚಿದೆ: ಎಷ್ಟು? ಒಂದು, ಎಂದು ಒಂದು ಬೆರಳು ಹಿಡಿದರು. ನಂಬಿದೆ. ಟವೆಲ್ಲಿನ ಕೆಳಗೆ ಇವರು ಸುಳ್ಳು ಹೇಳುವುದಿಲ್ಲ. ಅದು ಧಂದೆಯ ಮರ್ಯಾದೆ.

ಇವತ್ತು ಆ ವರದಿ. ಡಾಕ್ಟರು ಕಾಗದ ಬಿಡಿಸಿ ಓದುವಾಗ ಇವರ ಕೈ ಟವೆಲ್ಲಿನ ಕೆಳಗೆ ನನ್ನ ಕೈಯನ್ನು ಹುಡುಕಿಕೊಂಡು ಬಂತು.

"ಕ್ಯಾನ್ಸರ್ ಇಲ್ಲ," ಅಂದರು ಡಾಕ್ಟರು. ನಾನು ಉಸಿರು ಬಿಡುವುದರೊಳಗೆ ಮುಂದುವರಿಸಿದರು, "ಆದ್ರ ಕಣಗಳು ಬದಲಾಗ್ಲಿಕ್ಕ ಶುರು ಆಗ್ಯಾವ. ಹೊಸ್ತಿಲ ಮ್ಯಾಲ ಬಂದು ಕುಂತದ. ಸಿಗರೇಟ್ ನಿಂತ್ರ ಒಳಗ ಬರೂ ಸಂಭವ ಭಾಳ ಕಡಿಮಿ ಆಗ್ತದ. ಸೇದಿದ್ರ ಕರದಂಗೇ. ಎರಡ್ ತಿಂಗಳಿಗೊಮ್ಮಿ ಬಂದು ತೋರಸ್ರಿ. ಇನ್ನ ಮಾತಾಡಬಹುದು, ಒದರಬ್ಯಾಡ್ರಿ."

ಹತ್ತು ದಿನದ ಮೇಲೆ ಇವರ ಮೊದಲ ಮಾತು: "ಸಾಹೇಬ್ರ, ನಾಕಕ್ಕ ಇಳಸಲೇನ್ರೀ?"

"ಇಲ್ಲ. ಬಿಲ್‌ಕುಲ್ ಬಂದ್."

ನಾನು ಅತ್ತೆಯ ಮಿಶ್ರಿಯ ವಿಷಯವನ್ನೂ ಹೇಳಿದೆ. ಡಾಕ್ಟರು ತಲೆಗೆ ಕೈ ಹಚ್ಚಿಕೊಂಡು, ಅದೂ ತಂಬಾಕೇ, ಅದರಿಂದ ಒಸಡಿಗೂ ಕ್ಯಾನ್ಸರ್ ಬರುತ್ತದೆ, ಮುಂದಿನ ಸಲ ಆಯಿಯನ್ನೂ ಕರೆತನ್ನಿ ಅಂದರು.

ವಾಪಸು ಬರುವ ಬಸ್ಸು ಉದಗೀರ ಬಿಡುವ ಮೊದಲೇ ಇವರು ಟವೆಲ್ ಹಾಸಿದರು. ನನ್ನ ನಾಲ್ಕು ಬೆರಳು ಹಿಡಿದರು. ನಾನು ತಲೆ ಅಲ್ಲಾಡಿಸಿದೆ. ಮೂರು. ಊಹೂಂ. ಎರಡು ಹಿಡಿದು, ದೀನ ಮುಖ ಮಾಡಿದರು. ಮುದಿ ಎತ್ತು ಮಾರುವಾಗ ಮಾಡುವ ಮುಖ ಅದು, ನನಗೆ ಗೊತ್ತು. ಎದುರು ಸೀಟಿನ ಅಜ್ಜ ಬಗ್ಗಿ ನೋಡಿ ಮರಾಠಿಯಲ್ಲಿ ಕೇಳಿದ, "ಕಾಯ್ ವಿಕ್ತಾಯ್? ಮ್ಹೈಸ್ ಕೀ ಬೈಲ್?"

"ಎಮ್ಮಿನೂ ಅಲ್ಲ, ಎತ್ತೂ ಅಲ್ಲ ಕಾಕಾ," ಅಂದರು ಇವರು. "ಈಕಿ ನನ್ನ ಸಿಗರೇಟ್ ಖರೀದಿ ಮಾಡ್ಲಿಕತ್ತಾಳ."

ಅಜ್ಜ ಕನ್ನಡಕ್ಕೆ ಹೊರಳಿದ. "ಬಾಯಿ ತೆಗೆಸಿ ನೋಡಿಯೇನವ್ವ?"

"ಡಾಕ್ಟರು ನೋಡ್ಯಾರ. ಹಲ್ಲು ಛಲೋ ಅವ, ಗಂಟಲ ಛಲೋ ಇಲ್ಲ."

"ಹಂಗಿದ್ರ ಗಟ್ಟಿ ಹಿಡಿ."

ಒಂದಕ್ಕೆ ಇಳಿದರು. ಆಮೇಲೆ ಅರ್ಧ: ಬೆರಳ ನಡುವೆ ಮೆಲ್ಲಗೆ ಚಿವುಟಿ, ಊಟವಾದ ಮೇಲೆ ಅಷ್ಟೇ ಎಂದು ಕಣ್ಣಲ್ಲಿ ಬೇಡಿದರು. ಈಗ ನಾನು ಸೊನ್ನೆ ಅನ್ನಬೇಕಿತ್ತು. ಸೊನ್ನೆಗೆ ಯಾವ ಬೆರಳು? ಅಪ್ಪ ಹೇಳಿಕೊಟ್ಟಿರಲಿಲ್ಲ. ಅಜ್ಜನನ್ನೇ ಕೇಳಿದೆ.

"ಸೊನ್ನಿಗಿ ಖೂಣ ಎಲ್ಲಿದವ್ವ! ಪುಕ್ಕಟೆ ಯಾರ್ ಎತ್ತು ಕೊಡ್ತಾರ?"

ಕೈ ಹೊರಗೆಳೆದುಕೊಂಡರೆ ಸೌದಾ ಮುರಿಯಿತೆಂದು ಅರ್ಥ. ಮುರಿಯುವುದು ನನಗೆ ಬೇಕಿರಲಿಲ್ಲ. ಹಾಗಾಗಿ ಕೈಯನ್ನು ಟವೆಲ್ಲಿನ ಕೆಳಗೇ ಬಿಟ್ಟೆ. ಅಂಗೈ ಮೇಲಕ್ಕೆ ಮಾಡಿ, ಯಾವ ಬೆರಳನ್ನೂ ಕೊಡದೆ, ಯಾವುದನ್ನೂ ಹಿಡಿಯದೆ. ಇವರ ಬೆರಳುಗಳು ಬಂದು ತಡಕಾಡಿದವು. ಏನೂ ಸಿಗದೆ ಹೋದವು, ಮತ್ತೆ ಬಂದವು. ದೇವಣಿಯ ಸ್ಟಾಪಿನಲ್ಲಿ ಕಿಟಕಿಯ ಹೊರಗೆ ಯಾರೋ ಸಿಗರೇಟು ಹಚ್ಚಿದರು, ಹೊಗೆ ಒಳಗೆ ಬಂತು, ಇವರ ತೋರುಬೆರಳು ಮತ್ತು ನಡುಬೆರಳು ತಾವಾಗಿಯೇ ಜೊತೆಯಾದದ್ದು ನನ್ನ ಅಂಗೈಗೆ ಗೊತ್ತಾಯಿತು. ಬಸ್ಸು ಹೊರಟಿತು. ಇವರು ಸೇದಲು ಇಳಿದಿರಲಿಲ್ಲ. ನಾನೂ ಕೈ ತೆಗೆಯಲಿಲ್ಲ. ಅಜ್ಜ ದೇವಣಿಯಲ್ಲಿ ಇಳಿಯಬೇಕಿದ್ದವನು ಸೌದಾ ನೋಡುತ್ತಾ ಮರೆತು, ಒಂದು ಮೈಲಿ ಮುಂದೆ ಬಸ್ ನಿಲ್ಲಿಸಿ, ಕಂಡಕ್ಟರನ ಬೈಗುಳ ತಿಂದು ಇಳಿದ.

ನಿಲಂಗಾ ಕಾಣುವ ಹೊತ್ತಿಗೆ ಇವರ ಕೈ ಬಂದು ನನ್ನ ಬರಿದು ಅಂಗೈ ಮೇಲೆ ಮಲಗಿತು. ಬೇರೆ ಏನೂ ಮಾಡಲಿಲ್ಲ. ಆಮೇಲೆ ಟವೆಲ್ ಎಳೆದು ಹೆಗಲ ಮೇಲೆ ಹಾಕಿಕೊಂಡರು. ಸಂತೆಯಲ್ಲಿ ಹಾಗೆ ಮಾಡಿದರೆ ಸೌದಾ ಪಕ್ಕಾ. ಪಕ್ಕಾ ಆದ ಮೇಲೆ ಎತ್ತಿನ ಹಗ್ಗ ಕೈಗೆ ಕೊಡುವುದು ರೀತಿ. ಇವರು ಜೇಬಿನಿಂದ ಲೈಟರ್ ತೆಗೆದು ನನಗೆ ಕೊಟ್ಟರು.

"ತಗೋ. ಹಗ್ಗ."

"ಪ್ಯಾಕೆಟ್?"

"ಅದು ಇರ್ಲಿ ಬಿಡು. ಖಾಲಿ ಕಿಸೆ ಭಣಭಣ ಅನ್ತದ."

"ಆಕಳ ಮಾರಿ ಕರು ಇಟ್ಕೋತೀರೇನ್ರೀ?"

ಕೊಟ್ಟರು. ಒಳಗೆ ಮೂರಿದ್ದವು. ಇಳಿದು ಚರಂಡಿಗೆ ಹಾಕಿದೆ. ಇವರು ಆ ಕಡೆ ನೋಡಲಾರದೆ ಬಸ್ಸಿನ ಬೋರ್ಡು ಓದುತ್ತಾ ನಿಂತರು.

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಕೂತಿದ್ದರು. ಕ್ಯಾನ್ಸರ್ ಇಲ್ಲ ಅಂದೊಡನೆ ಸೆರಗಿನಿಂದ ಕಣ್ಣೊರೆಸಿಕೊಂಡು, "ನನಗ ಗೊತ್ತಿತ್ತು, ದೇವರ ಕಡಿ ನೋಡೀನಿ," ಎಂದು ಬರಿದಾದ ಮೊಳೆಯ ಕಡೆ ಕೈ ಮಾಡಿ, "ಅಯ್ಯ, ಎಲ್ಲಿ ಹೋಯ್ತದು?" ಅಂದರು. ಮುಂದಿನ ಸಲ ನೀವೂ ಬಂದು ಒಸಡು ತೋರಿಸಬೇಕಂತೆ ಅಂದೆ. ಅವರಿಗೆ ಒಮ್ಮೆಲೇ ಕಿವಿ ಕೇಳದಾಯಿತು. ಇವರು ಹೆಗಲ ಟವೆಲ್ ತೆಗೆದು ಆ ಮೊಳೆಗೆ ಹಾಕಿದರು.

ಉಮರ್ಗಾದಿಂದ ಮಗಳ ಫೋನ್ ಬಂತು. ಅಪ್ಪನ ದನಿ ಕೇಳಿ ಅತ್ತಳು, ಆಮೇಲೆ ಬೈದಳು. ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ. ಇವರಿಗೆ ಖಾರ ಬೇಡವೆಂದು ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಕೊಟ್ಟೆ. ಊಟವಾದ ಮೇಲೆ ದಿನಾ ಸಿಗರೇಟು ಹಚ್ಚುವ ಹೊತ್ತಿಗೆ ಎದ್ದು, ಕೊಟ್ಟಿಗೆಗೆ ಹೋಗಿ, ಎಲ್ಲ ದನಗಳ ಬಾಯಿ ತೆರೆದು ಹಲ್ಲು ನೋಡಿ ಬಂದರು. ಸುಮ್ಮನೆ ಬಾಯಿ ತೆರೆಸಿದ್ದಕ್ಕೆ ಎಮ್ಮೆ ಒದೆಯಲು ನೋಡಿತಂತೆ. ಒಂದು ಹಿಡಿ ಬಡೇಸೋಪು ಕೊಟ್ಟೆ, ಅಗಿಯುತ್ತಾ ಕೂತರು.

ಮೊದಲು ಮಲಗಿದ್ದು ಅತ್ತೆ, ದಿಂಬಿನ ಕೆಳಗೆ ಒಂದು ಕೈ ತೂರಿಸಿಕೊಂಡು. ಡಬ್ಬಿ ಎಲ್ಲಿದೆಯೆಂದು ಈಗ ಗೊತ್ತಾಯಿತು. ಆಮೇಲೆ ಇವರು. ನಾನು ಲೈಟರನ್ನು ಟ್ರಂಕಿನಲ್ಲಿ, ಎಕ್ಸರೇ ಮೇಲೆ ಇಟ್ಟು, ಬೀಗ ಹಾಕಿ, ಕೊನೆಗೆ ಮಲಗಿದೆ.